ತುಂಗೆ ಕುಡಿಯದ ಗಾಡಿ

ಗೇಟಿನಿಂದ ಹೆರಿಗೆ ವಾರ್ಡಿಗೆ ಆರುನೂರು ಮೀಟರು,
ಬ್ಲಡ್ ಬ್ಯಾಂಕಿನ ಹತ್ತಿರ ಒಂದು ಏರು.
ಬೇರೆ ಊರುಗಳಲ್ಲಿ ಇಂಥ ಗಾಡಿ
ಹುಲ್ಲಿನ ಮೇಲೆ ಚೆಂಡು ಹೊಡೆಯುವವರನ್ನು
ಹೊತ್ತು ತಿರುಗುತ್ತದಂತೆ.
ಶಿವಮೊಗ್ಗೆಯ ದೊಡ್ಡಾಸ್ಪತ್ರೆಯಲ್ಲಿ ನಮ್ಮದು ಹೊರುವುದು
ಸಕ್ಕರೆ ಕಾಯಿಲೆಯ ಪಾದ, ಸ್ಕ್ಯಾನಿಂಗ್ ಕವರು, ಗಂಜಿ ಕ್ಯಾರಿಯರು,
ಭದ್ರಾವತಿ ಕಡೆಯಿಂದ ಬಂದು ದಿಕ್ಕು ತಪ್ಪಿದ ಅತ್ತೆ ಸೊಸೆ.

ಸೀಟಿನ ಕೆಳಗೆ ಆರು ಡಬ್ಬ, ಎಂಟೆಂಟು ವೋಲ್ಟು.
ಇವುಗಳ ಬಾಣಂತನ ನನಗೆ ಕಲಿಸಿದ್ದು ಗಫಾರ್ ಸಾಬರು:
ಅರ್ಧಕ್ಕಿಂತ ಕೆಳಗೆ ಇಳಿಸಬೇಡ ಹೇಮ್ಲಿ,
ಹಸಿವಾಗೋ ಮುಂಚೆ ಉಣಿಸು,
ನೀರು ಚಾರ್ಜ್ ಆದ ಮೇಲೆ, ಮುಂಚೆ ಅಲ್ಲ,
ಉಕ್ಕಿ ಚೆಲ್ಲಿದರೆ ನಿನ್ನ ಸೀರೆಗೇ ತೂತು.
ಆಗಿತ್ತು ತೂತು. ಹಸಿರು ಸೀರೆ, ಎರಡನೇ ವಾರದಲ್ಲೇ.

ನೀರೆಂದರೆ ಯಾವ ನೀರು?
ಮೊದಲ ದಿನ ನಲ್ಲಿಗೆ ಚೊಂಬು ಹಿಡಿದವಳನ್ನು
ಓಡಿ ಬಂದು ತಡೆದರು.
ಗಂಗಾ ಸ್ನಾನ, ತುಂಗಾ ಪಾನ, ಅದೆಲ್ಲ ನಮಗೆ.
ಇದಕ್ಕೆ ರುಚಿಯಿರುವ ನೀರು ವಿಷ.
ಕಲ್ಲು ಮುಟ್ಟದ, ಮಣ್ಣು ಮುಟ್ಟದ,
ಯಾವ ಊರಿನದೂ ಅಲ್ಲದ ನೀರು ಬೇಕು,
ಐದು ಲೀಟರ್ ಕ್ಯಾನಿಗೆ ನೂರ ಹತ್ತು ರೂಪಾಯಿ.
ನಗು ಬಂತು ನನಗೆ. ಇಷ್ಟು ಮಡಿಯ ಜೀವ
ಯಾರು ಬಂದರೂ ಕೂರಿಸಿಕೊಂಡು ಓಡುತ್ತದಲ್ಲ!

ತಿಂಗಳ ಕೊನೆಗೆ ಅಕೌಂಟ್ಸಿನ ದಯಾನಂದ ಶೆಟ್ಟರು
ಲಾಗ್ ಬುಕ್ಕು ತಿರುವಿ ಹಿಗ್ಗುತ್ತಾರೆ:
ದಿನಕ್ಕೆ ಏಳು ಯೂನಿಟ್, ಐವತ್ತಾರು ರೂಪಾಯಿ,
"ಪೆಟ್ರೋಲ್ ಗಾಡಿ ಆಗಿದ್ರೆ ಮುನ್ನೂರು ನುಂಗ್ತಿತ್ತು."
ಸಾಬರು ಬಾಗಿಲಲ್ಲೇ ನಿಂತು ಕೆಮ್ಮುತ್ತಾರೆ.
"ಸವೆತ ಬರೆದ್ರಾ ಸಾರ್?
ಆರು ಡಬ್ಬಕ್ಕೆ ಎಪ್ಪತ್ತೆರಡು ಸಾವಿರ, ಆಯುಸ್ಸು ನಾಲ್ಕು ವರ್ಷ.
ದಿನಕ್ಕೆ ಇನ್ನೊಂದು ಐವತ್ತು ಸದ್ದಿಲ್ಲದೆ ಸೋರ್ತಿದೆ."
ಶೆಟ್ಟರು ಹುಡುಕುತ್ತಾರೆ. ಸವೆತಕ್ಕೆ ಕಾಲಂ ಇಲ್ಲ.
ನನಗೆ ನನ್ನ ಬಲ ಸೊಂಟ ನೆನಪಾಯಿತು,
ಕೇಳಿದ್ದು ಅದನ್ನಲ್ಲವಲ್ಲ, ಸುಮ್ಮನಿದ್ದೆ.

ಈ ವರ್ಷ ನಾಲ್ಕನೇ ಡಬ್ಬ ಸೋತಿದೆ.
ಗಾಜಿನ ಕೊಳವೆಯೊಳಗಿನ ತೇಲು
ಕೆಂಪು ದಾಟಿ ಹಸಿರಿಗೆ ಏಳುವುದೇ ಇಲ್ಲ.
ಒಂದು ಬಡವಾದರೆ ಉಳಿದ ಐದೂ ತಮ್ಮದನ್ನು ಸುರಿಯುತ್ತವೆ,
ಸುರಿದು ಸುರಿದು ತಾವೂ ಬಡವಾಗುತ್ತವೆ.
ಅದೊಂದನ್ನೇ ಬದಲಾಯಿಸಿದರೆ?
"ಹಳಬರ ಸಹವಾಸಕ್ಕೆ ಹೊಸಬ ಕೆಡ್ತಾನೆ. ಹಾಕಿದ್ರೆ ಆರೂ ಹಾಕ್ಬೇಕು."
ಆರಕ್ಕೆ ಮೂರು ಕೊಟೇಷನ್ ಬೇಕು.
ಬಂದಿರುವುದು ಎರಡು.

ಮೊನ್ನೆ ಸೋಮವಾರ, ಹನ್ನೊಂದೂ ಕಾಲು,
ಏರಿನ ನಡುವೆ ನಿಂತೇಬಿಟ್ಟಿತು.
ಹಿಂದಿನ ಸೀಟಿನಲ್ಲಿ ಹೊಳೆಹೊನ್ನೂರಿನ ಬಾಣಂತಿ,
ಹಳೇ ಪಂಚೆಯಲ್ಲಿ ಸುತ್ತಿದ ಮೂರು ದಿನದ ಕೂಸು.
ಇಳಿಯಲು ಹೊರಟವಳನ್ನು ಯಾರೋ ಗದರಿದರು.
ಟೀ ಮಾರುವ ಹುಡುಗ ಬಂದ, ಸೆಕ್ಯುರಿಟಿ ನಿಂಗೋಜಿ ಬಂದ,
ಎಡಗೈಗೆ ಪ್ಲಾಸ್ಟರ್ ಹಾಕಿಕೊಂಡವನು ಬಲಗೈ ಕೊಟ್ಟ,
ಶೆಟ್ಟರೂ ಬಂದರು, ಊಟದ ಡಬ್ಬಿ ಕಟ್ಟೆಯ ಮೇಲಿಟ್ಟು.
ನಾನು ಸ್ಟೇರಿಂಗ್ ಹಿಡಿದಿದ್ದೆ, ಅಷ್ಟೇ.
ಕೂಸು ಏಳಲಿಲ್ಲ.
ಮೋಟಾರು ಓಡುವಾಗಲೂ ಇಷ್ಟೇ ಸದ್ದು.

ಸಂಜೆ ಲಾಗ್ ಬುಕ್ಕಿಗೆ ಬರೆದೆ:
ಇನ್ನೂರು ಮೀಟರು. ಕರೆಂಟು ಇಲ್ಲ.
ಶೆಟ್ಟರು ಓದಿ, ಅಂಚಿನಲ್ಲಿ ಸ್ಕೇಲಿಟ್ಟು
ಮೇಲಿನಿಂದ ಕೆಳಗೆ ಹೊಸದೊಂದು ಗೆರೆ ಎಳೆದರು.
ತಲೆಬರಹಕ್ಕೆ ಏನು ಬರೆಯುವುದೋ ತೋಚದೆ
ಪೆನ್ನಿನ ಕ್ಯಾಪ್ ಹಾಕಿಬಿಟ್ಟರು.

ಈಗ ಎಂಟೂ ಇಪ್ಪತ್ತು. ಚಾರ್ಜರ್ ಚುಚ್ಚಿದ್ದೇನೆ.
ಶೆಡ್ಡಿನ ಕಿಟಕಿ ತೆರೆದಿದ್ದೇನೆ, ಗಾಳಿ ಆಡಬೇಕು.
ಐದರ ಹೊಟ್ಟೆಯಲ್ಲಿ ಸಣ್ಣಗೆ ಗುಳುಗುಳು.
ನಾಲ್ಕನೆಯದರದು ಕಿವಿ ಇಟ್ಟರೂ ಕೇಳುತ್ತಿಲ್ಲ,
ತಡವಾಗಿ ಶುರುಮಾಡುತ್ತದೆ ಅದು, ಗೊತ್ತು.
ತಾಂಡಾ ಕಡೆಯ ಕೊನೇ ಬಸ್ಸು ಎಂಟೂ ನಲವತ್ತಕ್ಕೆ.
ಇನ್ನೊಂದೈದು ನಿಮಿಷ ನೋಡುತ್ತೇನೆ.