ಹರಾಜಿನಲ್ಲಿ ಯಾರೂ ಕೇಳದ್ದು

ರೋಹಿದಾಸ ಭಾವ ಬಹರೈನಿನಿಂದ ತಂದದ್ದು,
ಅರ್ಧಕ್ಕರ್ಧ ಕ್ರಯಕ್ಕೆ.
ಬಂದರಿನಿಂದ ಬೆಂಗ್ರೆಗೆ ದಾಟುವ ಫೆರಿಯಲ್ಲಿ
ಮಡಿಲಲ್ಲಿಟ್ಟುಕೊಂಡು ಕೂತಿದ್ದರಂತೆ.
ಟಿಕೆಟಿನವ ಕೇಳಿದ: ಮಿಕ್ಸಿಯಾ?
ಭಾವನಿಗೆ ಸಿಟ್ಟು ಬಂತು.

ಬಿಳಿ ಡಬ್ಬಿ. ಒಳಗೆ ಒಂದು ತಟ್ಟೆ ತಿರುಗುವುದು,
ತಿರುಗುವಾಗ ಗಂಟಲು ಕೆರೆದ ಹಾಗೆ ಸದ್ದು.
ಒಟ್ಟಿಗೆ ಬಂದದ್ದು ಮೂರೇ ಆಟ:
ಕಾರಿನದ್ದೊಂದು, ಗುದ್ದಾಟದ್ದೊಂದು,
ಇನ್ನೊಂದು, ನಗಬೇಡಿ, ಮೀನು ಹಿಡಿಯುವುದು.
ಅದಕ್ಕೆಂದೇ ಪ್ಲಾಸ್ಟಿಕ್ಕಿನ ಗಾಳ, ಅರ್ಧ ಮೊಳದ್ದು,
ಹಿಡಿಕೆ ಉಂಟು, ಸುತ್ತುವ ಚಕ್ರ ಉಂಟು,
ದಾರ ಮಾತ್ರ ಇಲ್ಲ.

ತೋಟ ಬೆಂಗ್ರೆಗೆ ಮೀನು ಹಿಡಿಯುವ ಆಟ!
ಕಲ್ಯಾಣಿ ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದು ನಕ್ಕದ್ದೇ ನಕ್ಕದ್ದು.

ಬೋಟುಗಳೆಲ್ಲ ಧಕ್ಕೆಯಲ್ಲಿ ಒಂದಕ್ಕೊಂದು ಒರಗಿ
ಕಟ್ಟಿಕೊಂಡಿದ್ದ ತಿಂಗಳು.
ಅಪ್ಪ ಮೊದಲ ವಾರ ಬಲೆ ಹೊಲಿದರು,
ಎರಡನೆಯ ವಾರ ಅದನ್ನೇ ಬಿಚ್ಚಿ ಮತ್ತೆ ಹೊಲಿದರು,
ಮೂರನೆಯ ವಾರ ಒಂದು ರಾತ್ರಿ
ಮಕ್ಕಳು ಮಲಗಿದರೆಂದು ತಿಳಿದು
ಗಾಳ ಕೈಗೆ ತೆಗೆದುಕೊಂಡರು.
ನಾನು ಚಾಪೆಯಿಂದಲೇ ನೋಡಿದೆ.

"ಇದೆಂತ ಮೀನು? ಕೆರೆಯದ್ದು. ಉಪ್ಪು ಕಾಣದ್ದು."
ಹಿಡಿದದ್ದನ್ನು ತೂಗಿ, ಚಪ್ಪಾಳೆ ತಟ್ಟಿ,
ಮತ್ತೆ ನೀರಿಗೇ ಬಿಡುವುದು ಕಂಡು ಅಪ್ಪನಿಗೆ ದಿಗಿಲು:
"ಹಾಗಾದರೆ ಡೀಸೆಲಿನ ದುಡ್ಡು ಯಾರು ಕೊಡುವುದು?"
ಅಡುಗೆಮನೆಯಿಂದ ಅಮ್ಮ: "ಕಿಲೋಗೆ ಎಷ್ಟಂತೆ?"

ಆದರೆ ಕಚ್ಚಿದಾಗ ಗಾಳ ಅಂಗೈಯಲ್ಲಿ ನಡುಗುತ್ತಿತ್ತು.
ಆಗ ಅಪ್ಪ ಟಿವಿ ನೋಡುತ್ತಿರಲಿಲ್ಲ,
ಕಣ್ಣು ಮುಚ್ಚುತ್ತಿದ್ದರು.
ಟ್ರಾಲ್ ಬೋಟು ಹತ್ತಿ ಇಪ್ಪತ್ತು ವರ್ಷ,
ಒಂದೊಂದೇ ಮೀನು ಕೈಗೆ ತಿಳಿಯುವುದೆಲ್ಲ
ಅಜ್ಜನ ದೋಣಿಯೊಟ್ಟಿಗೆ ಮುಗಿದಿತ್ತು.
"ಇದು ಅಂಜಲಿನ ಎಳೆತ" ಎನ್ನುತ್ತಿದ್ದರು,
ಟಿವಿಯಲ್ಲಿ ಏನೇ ಇರಲಿ.

ಎರಡೇ ವರ್ಷದಲ್ಲಿ ಉಪ್ಪುಗಾಳಿ
ಒಳಗಿನ ಸಣ್ಣ ಬ್ಯಾಟರಿಯನ್ನು ತಿಂದಿತು.
ಹಚ್ಚಿದಾಗಲೆಲ್ಲ ಡಬ್ಬಿಗೆ ಮರೆವು:
ಇವತ್ತು ಯಾವ ತಾರೀಕು? ಯಾವ ವರ್ಷ?
ಅಪ್ಪನದ್ದು ಒಂದೇ ಉತ್ತರ:
"ನೂಲಹುಣ್ಣಿಮೆಯ ಮರುದಿನದ್ದು ಹಾಕು."
ಕಡಲಿಗೆ ಹಾಲು ಹೊಯ್ದ ಮರುದಿನ.
ಹಾಗಾಗಿ ಅದರೊಳಗೆ
ಬೋಟು ಕಟ್ಟಿಹಾಕಿದ ಒಂದು ದಿನವೂ ಇರಲಿಲ್ಲ.

ನಾಲ್ಕನೆಯ ಆಟ ಹುಡುಕಿಕೊಂಡು
ಹಂಪನಕಟ್ಟೆಯ ಅಂಗಡಿ ಅಂಗಡಿ ಹತ್ತಿದೆವು, ಅಪ್ಪ ಮತ್ತು ನಾನು.
ಒಬ್ಬ ಮಾತ್ರ ಹೆಸರು ಕೇಳಿ ತಲೆ ಎತ್ತಿದ:
"ಅದಾ? ಓಡಲಿಲ್ಲ ಅದು. ಕಂಪೆನಿಯವರು ಮಾಡುವುದು ಬಿಟ್ಟು
ಮೂರು ವರ್ಷ ಆಯಿತಲ್ಲ."
ಬೆರಳು ಮಡಚಿ ಲೆಕ್ಕ ಹಾಕಿದೆ.
ನಮ್ಮಲ್ಲಿಗೆ ಬರುವ ಮೊದಲೇ ಅದರ ಕತೆ ಮುಗಿದಿತ್ತು.
ಅರ್ಧ ಕ್ರಯ ಅದಕ್ಕೇ.

ವಾಪಸು ಫೆರಿಯಲ್ಲಿ ನನಗೆ ಅಳು.
ಅಪ್ಪ ಆಚೆ ನೋಡುತ್ತಲೇ ಹೇಳಿದರು:
"ಹರಾಜಿಗೆ ಸುರಿದದ್ದರಲ್ಲಿ
ಯಾರೂ ಕೇಳದ್ದು ಒಂದು ಬುಟ್ಟಿ ಉಳಿಯುತ್ತದಲ್ಲ,
ಬರೀ ಮುಳ್ಳು, ಹೋಟೆಲಿನವರಿಗೆ ಬೇಡದ್ದು,
ಅದನ್ನೇ ಅಲ್ವಾ ನಾವು ಮನೆಗೆ ತರುವುದು?
ಅಮ್ಮ ಅದರ ಪುಳಿಮುಂಚಿ ಮಾಡಿದರೆ
ನೀನು ಯಾವತ್ತಾದರೂ ಬಟ್ಟಲಲ್ಲಿ ಬಿಟ್ಟದ್ದುಂಟಾ?"

ಬಿಡಲಿಲ್ಲ. ಮೂರೇ ಆಟ, ಏಳು ಮಳೆಗಾಲ.
ಆ ಕೆರೆಯ ಒಂದೊಂದು ಕಲ್ಲು ಗೊತ್ತು ನನಗೆ,
ಮುರಿದ ಕಟ್ಟೆಯ ಎಡಗಡೆ, ಸಂಜೆ ಬೆಳಕಿಗೆ ಮಾತ್ರ
ಮೇಲೆ ಬರುವ ಆ ದೊಡ್ಡದೂ.
ಫಳ್ನೀರಿನ ಗೆಳತಿಯ ಮನೆಯಲ್ಲಿ ಆಟ ನೂರು ಇದ್ದವು.
ಅವಳಿಗೆ ಒಂದರ ಹೆಸರೂ ಈಗ ನೆನಪಿಲ್ಲ.

ಮೊನ್ನೆ ಅಟ್ಟದಿಂದ ಇಳಿಸಿದೆ.
ವಯರಿಗೆ ಹಸಿರು ಹಿಡಿದಿದೆ.
ಕೆಂಪು ದೀಪ ಒಮ್ಮೆ ಹತ್ತಿತು,
ತಾರೀಕು ಕೇಳಲಿಲ್ಲ.

ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿ ಹತ್ತು ದಿನ,
ಕಪ್ಪು ಕನ್ನಡಕ, ಜಗಲಿಯಲ್ಲಿ ಕುರ್ಚಿ.
"ಗಾಳ ಉಂಟಾ?" ಕೇಳಿದರು.
ಕೊಟ್ಟೆ.
ಕಿವಿಯ ಹತ್ತಿರ ಹಿಡಿದು ಚಕ್ರ ಸುತ್ತಿದರು,
ಹಿಂದಕ್ಕೆ ಒಮ್ಮೆ, ಮುಂದಕ್ಕೆ ಒಮ್ಮೆ.
"ಸುತ್ತು ಇನ್ನೂ ಸರಿ ಉಂಟು," ಎಂದರು,
ತೊಡೆಯ ಮೇಲೆ ಇಟ್ಟುಕೊಂಡರು.