ಒಂದು ಮೈಲಿ ಮೊದಲೇ

ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು, ಆರು ವಾರ.
ಅಂಚೆ ಡಬ್ಬಿಯ ಮುಂದಿನ ಮಂಜುಗಡ್ಡೆ ಮಾಡಿದ ಕೆಲಸ.
ಹಾಗಾಗಿ ಇವತ್ತು ಒಲೆಯ ಮುಂದೆ ಅವನು,
ಕಿಟಕಿ ಪಕ್ಕದ ಎತ್ತರದ ಸ್ಟೂಲಿನ ಮೇಲೆ ನಾನು,
ಬಾಯಲ್ಲೇ ಅಡುಗೆ ಮಾಡುತ್ತಾ.

ನಾರ್ತ್ ಡಕೋಟಾದ ಫೆಬ್ರವರಿ.
ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಕಲ್ಲು.
ಒಳಗೆ ಓವನ್ನಿನ ಹೊಟ್ಟೆ ಕೆಂಪಗೆ.
ಮೂವತ್ತೆಂಟು ವರ್ಷ ಗೂಡ್ಸ್ ರೈಲು ಓಡಿಸಿದ ಕೈ
ಕ್ಯಾರೆಟ್ಟು ಹಿಡಿದ ರೀತಿ ನೋಡಬೇಕು,
ಎಲ್ಲಿ ಓಡಿಹೋಗುತ್ತದೋ ಎಂಬಂತೆ.

ಒಂದೇ ಅಳತೆಗೆ ಹೆಚ್ಚು, ಆರ್ವಿಡ್,
ದಪ್ಪದ್ದು ಹಸಿ ಉಳಿಯುತ್ತೆ, ಸಣ್ಣದು ಇದ್ದಿಲಾಗುತ್ತೆ.
ಹೆಚ್ಚಿದ. ಒಂದು ಹೆಬ್ಬೆರಳು, ಒಂದು ಕಿರುಬೆರಳು,
ಬೀಟ್‌ರೂಟಂತೂ ಗುದ್ದಲಿಯಲ್ಲಿ ಅಗೆದ ಹಾಗೆ.
ಎಣ್ಣೆ, ಉಪ್ಪು, ಒಂದಿಷ್ಟು ಥೈಮು.
ಹರಡು ಅಂದೆ. ರಾಶಿ ಹಾಕಿದರೆ ಬೆವರಿ ಬೇಯುತ್ತೆ, ಗರಿಗರಿ ಆಗಲ್ಲ.
ಒಂದರ ಮೈಗೊಂದು ತಾಗದ ಹಾಗೆ,
ಚರ್ಚಿನ ಬೆಂಚಿನಲ್ಲಿ ನಮ್ಮ ಲೂಥರನ್ನರು ಕೂರುತ್ತಾರಲ್ಲ, ಹಾಗೆ.

ಆಮೇಲೆ ಅತ್ತೆಯ ಬೀಡಿನ ಕಾವಲಿ.
ಅತ್ತೆ ಸತ್ತು ಇಪ್ಪತ್ತು ವರ್ಷ; ಕಾವಲಿ ಇನ್ನೂ
ನನ್ನನ್ನು ಪೂರ್ತಿ ನಂಬಿಲ್ಲ.
ಖಾಲಿ ಕಾಯಲಿ ಅಂದೆ, ಇನ್ನೂ ಕಾಯಲಿ,
ನೀರ ಹನಿ ಬಿದ್ದರೆ ಗೋಲಿಯಾಗಿ ಓಡಬೇಕು.
ಎಲುಬಿನ ಜೊತೆಗೇ ಕುಯ್ದ ಒಂದೇ ತುಂಡು, ಒಂದೂವರೆ ಅಂಗುಲ ದಪ್ಪ.
ಮಾಂಸದಂಗಡಿಯ ಲೊರೇನ್ ಕಾಗದ ಸುತ್ತುವಾಗ
ಇಬ್ಬರಿಗೂ ಇದೇನಾ ಅಂದಳಂತೆ.
ಇಬ್ಬರಿಗೂ ಇದೇ.
ಒರೆಸಿದ, ಉಪ್ಪು ಸವರಿದ, ಇಳಿಸಿದ.

ಚೊಂಯ್ ಎಂದ ಸದ್ದಿಗೆ ನಾಯಿ ಎದ್ದು ಬಂತು.

"ತಿರುಗಿಸಲಾ?"
ಮುಟ್ಟಬೇಡ.
"ಅಂಟಿಕೊಂಡಿದೆ."
ಬಿಡುವ ಹೊತ್ತಿಗೆ ತಾನೇ ಬಿಡುತ್ತೆ.
"ಸುಡುತ್ತಿದೆ ಕಣೇ."
ಸುಡಲಿ ಅಂತಲೇ ಇಟ್ಟಿದ್ದು.

ಚಾವಣಿಯ ಹೊಗೆಗಂಟೆ ಅರಚಿತು.
ಅದರ ಕೆಳಗೆ ಟವೆಲು ಬೀಸುತ್ತಾ ನಿಂತ,
ಹಳೇ ಸ್ಟೇಷನ್ನಿನಲ್ಲಿ ಬಾವುಟ ತೋರಿಸುವವನಂತೆ.

ತಿರುಗಿಸಿದ. ಕಂದು, ಹಳೇ ಜೀನಿನ ಚರ್ಮದ ಕಂದು.
ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಕಾವಲಿ ವಾಲಿಸು,
ಚಮಚದಲ್ಲಿ ಎರೆ, ಕೂಸಿಗೆ ನೀರೆರೆದ ಹಾಗೆ.
ಸಾಕು, ತೆಗಿ.
ಬೆರಳಲ್ಲಿ ಒತ್ತಿ ನೋಡಿದ. "ಇನ್ನೂ ಆಗಿಲ್ಲ."
ಆಗೋಕೆ ಮುಂಚೆಯೇ ತೆಗೀಬೇಕು.
ಒಲೆ ಬಿಟ್ಟ ಮೇಲೂ ಒಳಗಿನ ಕಾವಿಗೆ ಅದು ಬೇಯುತ್ತಲೇ ಇರುತ್ತೆ.

ಇಕ್ಕಳ ಹಿಡಿದ ಕೈ ಅಲ್ಲೇ ನಿಂತಿತು.
"ರೈಲಿನ ಹಾಗೆ," ಅಂದ.
"ಒಂದು ಮೈಲಿ ಮೊದಲೇ ಹಿಡಿಯಬೇಕು ಬ್ರೇಕು."

ಮಾಂಸ ಹಲಗೆಯ ಮೇಲೆ. ಐದು ನಿಮಿಷ ಸುಮ್ಮನಿರಬೇಕು.
ಓವನ್ನಿನಿಂದ ಬೀಟ್‌ರೂಟಿನ ಸಕ್ಕರೆ ಸೀಯುವ ವಾಸನೆ.
ಎರಡನೇ ನಿಮಿಷಕ್ಕೆ ಶುರು ಮಾಡಿದ, ನನ್ನ ಕಡೆ ನೋಡದೆ:
"ಎಂಬತ್ತೊಂಬತ್ತರ ಅಕ್ಟೋಬರು. ಸೂರ್ಯಕಾಂತಿ ಹೊಲದ ನಡುವಿನ ಕ್ರಾಸಿಂಗು.
ಹಸಿರು ಪಿಕಪ್ಪು. ಬ್ರೇಕು ಹಿಡಿದೆ. ಹಿಡಿದೇ ಇದ್ದೆ.
ಒಳಗಿದ್ದವನು ನನ್ನನ್ನು ನೋಡಿದ,
ಟೋಪಿ ತೆಗೆದು ಪಕ್ಕದ ಸೀಟಿನ ಮೇಲಿಟ್ಟ."

ಇಷ್ಟು ವರ್ಷ ನನಗೆ ಗೊತ್ತಿದ್ದದ್ದು
ಪತ್ರಿಕೆಯಲ್ಲಿ ಬಂದ ನಾಲ್ಕು ಸಾಲು.
ಟೋಪಿಯ ವಿಷಯ ಅದರಲ್ಲಿರಲಿಲ್ಲ.

ಏನಾದರೂ ಹೇಳಬೇಕಿತ್ತು.
ಫೋರ್ಕು ಎಡಗೈಗೆ ಕೊಡು ಅಂದೆ.

ಕುಯ್ದ, ಎಳೆಗೆ ಅಡ್ಡಲಾಗಿ, ನಾನು ಹೇಳದೆಯೇ.
ನಡುವೆ ಗುಲಾಬಿ, ಅಂಚಿಗೆ ಕಂದು.
ಎಲುಬಿನ ಪಕ್ಕದ್ದೆಲ್ಲ ನನ್ನ ತಟ್ಟೆಗೆ,
ತುತ್ತಿನ ಗಾತ್ರಕ್ಕೆ ಕತ್ತರಿಸಿ.
ಈ ಸಲ ಎಲ್ಲವೂ ಒಂದೇ ಅಳತೆ.
ಕ್ಯಾರೆಟ್ಟು ಕೆಲವು ಕರಟಿದ್ದವು, ಕೆಲವು ಕಟುಂ ಅಂದವು.
ತಿಂದೆವು. ಎಲುಬು ನಾಯಿಗೆ.

ಕಾವಲಿಗೆ ಸೋಪು ಹಾಕಲು ಹೊರಟವನನ್ನು
ಅತ್ತೆಯ ಹೆಸರು ಹೇಳಿ ತಡೆದೆ.
ಕಲ್ಲುಪ್ಪು ಹಾಕಿ ಉಜ್ಜುತ್ತಿದ್ದ.
ಊರಾಚೆ ರಾತ್ರಿಯ ಗೂಡ್ಸು ಕೂಗಿತು:
ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ.
ಕೊನೆಯದು ಮುಗಿಯುವವರೆಗೂ
ಅವನ ಕೈಯಲ್ಲಿ ಉಪ್ಪು ಹಾಗೇ ಇತ್ತು.