ತಟ್ಟಿ ನೋಡಿದರೆ

ಬಟೂಮಿಯಲ್ಲಿ ಒಗೆದ ಅಂಗಿಯೇ ಮೂರು ದಿನಕ್ಕೆ ಆರುವುದಿಲ್ಲ,
ಇನ್ನು ನೆಲ.
ಮಿಲಿಮೀಟರಿಗೆ ಒಂದು ದಿನ, ಲೆಕ್ಕ ಅಷ್ಟೇ,
ನನ್ನ ಮೇಸ್ತ್ರಿ ಜುಂಬೆರ್ ಕಲಿಸಿದ ಗಣಿತ ಅದೊಂದೇ.
ಸುರಿದದ್ದು ಐವತ್ತು. ಕಳೆದದ್ದು ಹನ್ನೆರಡು ದಿನ,
ಅದರಲ್ಲಿ ಒಂಬತ್ತು ದಿನ
ಸಮುದ್ರವೇ ಎದ್ದು ಬೀದಿಗೆ ಬಂದಂಥ ಮಳೆ.

ಡಾಕ್ಟರ್ ಎತೆರಿ ಬೂಟು ಕಳಚಿ
ಕಾಲುಚೀಲದ ಪಾದ ಊರಿ ನೋಡುತ್ತಾರೆ.
"ಒಣಗಿದೆಯಲ್ಲ!"
ಒಣಗಿದೆ, ಮೇಲೆ.
ಮೇಲೆ ಮೇಲೆ ಒಣಗುವುದು ಯಾರಿಗೂ ಬರುತ್ತದೆ.

"ಶುಕ್ರವಾರ ಕುರ್ಚಿ ಬರ್ತಿದೆ, ಇಸ್ತಾಂಬುಲಿನಿಂದ.
ಸಾರ್ಪಿ ಗಡಿ ದಾಟಿದ ಟ್ರಕ್ಕು ನನಗಾಗಿ ನಿಲ್ಲೋದಿಲ್ಲ.
ಬಾಡಿಗೆ ಎರಡು ತಿಂಗಳಿಂದ ಓಡ್ತಿದೆ,
ನಿಮ್ಮ ನೆಲಕ್ಕೆ ಮಾತ್ರ ಕಾಲೇ ಇಲ್ವಾ?"
ಸಂಜೆ ಒಂದು ಹೀಟರು ತಂದರು, ಜೊತೆಗೆ
ತಲೆಗೂದಲು ಒಣಗಿಸುವ ತಮ್ಮದೇ ಯಂತ್ರ.
ಮೂರನೆಯ ಮಹಡಿಯ ಮುದುಕಿ ನಾಜಿಬ್ರೋಲಾ
ಕಾಫಿ ಕೊಡಲು ಬಂದವಳು ನಿಂತು ನೋಡಿ
"ಇಲ್ಲೆಲ್ಲ ಮೊದಲು ಕಪ್ಪೆಗಳಿದ್ದವು" ಎಂದಳು,
ಯಾರ ಪರವಾಗಿಯೂ ಅಲ್ಲ.

ಮಾತು ಸಾಲದೆ ನಾನು
ಮೊಳದಗಲ ಪ್ಲಾಸ್ಟಿಕ್ ಹಾಳೆ ಹಾಸಿ
ನಾಲ್ಕೂ ಅಂಚಿಗೆ ಟೇಪು ಒತ್ತಿ ಮನೆಗೆ ಹೋದೆ.
ಬೆಳಿಗ್ಗೆ ಹಾಳೆಯ ಒಳಮೈ ತುಂಬ
ಸಾಸಿವೆಯಷ್ಟು ಸಾಸಿವೆಯಷ್ಟು ಹನಿ.
ರಾತ್ರಿಯೆಲ್ಲ ಉಸಿರಾಡಿತ್ತು ನೆಲ.
ಅವರು ಬಗ್ಗಿ, ಕನ್ನಡಕ ಏರಿಸಿ ನೋಡಿದರು,
ಬಾಯೊಳಗೆ ನೋಡುವ ಹಾಗೆ.
ಆಮೇಲೆ ಟೇಪು ಕಿತ್ತು, ಹಾಳೆ ಮಡಿಸಿ,
ಕಸದ ಡಬ್ಬಕ್ಕೆ ಹಾಕಿದರು.

"ಹುಳುಕು ಕೆರೆಯದೆ ಹಲ್ಲಿಗೆ ಟೋಪಿ ಕೂರಿಸ್ತೀರಾ, ಡಾಕ್ಟರೇ?"
ನನ್ನ ಹುಡುಗ ರಾಮಾಜ್ ಬಕೆಟ್ಟಿನ ಹಿಂದೆ ನಕ್ಕ.
ಅವರು ನಗಲಿಲ್ಲ. ಕಿಟಕಿಗೆ ಮುಖ ಮಾಡಿ ಹೇಳಿದರು:
"ಕೂರಿಸಿದ್ದೇನೆ.
ಮಾರನೆ ದಿನ ಮದುವೆ, ಹುಡುಗಿ ಅಳ್ತಿದ್ದಳು.
ಫೋಟೋದಲ್ಲಿ ಚೆನ್ನಾಗಿ ಬಂದಳು."

ಇದಕ್ಕೆ ಉತ್ತರ ನನ್ನ ಪೆಟ್ಟಿಗೆಯಲ್ಲಿರಲಿಲ್ಲ.
ಇದ್ದದ್ದು ಕರಣೆ, ರಬ್ಬರು ಸುತ್ತಿಗೆ,
ಮಗಳ ಶಾಲೆಗೆ ಕಟ್ಟಬೇಕಾದ ಹಣದ ಚೀಟಿ.

ಗೆರೆ ಎಳೆಯಲು ಕೂತೆ. ಪೆನ್ಸಿಲು ಜಾರಿತು.
ಹಸಿ ಕಾಂಕ್ರೀಟಿನ ಮೇಲೆ ಸೀಸ ಕೂರುವುದಿಲ್ಲ,
ಸಾಕ್ಷಿ ಬರೆಯಲೂ ಬಿಡಲಿಲ್ಲ ನೆಲ.
ಕಡೆಗೊಂದು ಟೈಲು ಮಗುಚಿ ಅದರ ಬೆನ್ನಿಗೆ ಬರೆದೆ:
ನವೆಂಬರ್ ಹದಿನಾಲ್ಕು. ಹಸಿ ಇತ್ತು. ಹೇಳಿದ್ದೆ.
ಸಹಿ ಹಾಕಿ, ತುಸು ತಡೆದು, ಕೊನೆಯ ಮಾತು ಹೊಡೆದುಹಾಕಿದೆ.
ಹೇಳಿದವನೇ ತಾನೆ ಗಾರೆ ಕಲಸಿದ್ದು.
ಅದನ್ನು ಬಾಗಿಲಿನಿಂದ ಮೂರನೆಯದಾಗಿ ಕೂರಿಸಿದೆ,
ಏಳುವುದಿದ್ದರೆ ಮೊದಲು ಅದೇ ಏಳಲಿ ಎಂದು.

ಗುರುವಾರ ರಾತ್ರಿ ಹನ್ನೊಂದಕ್ಕೆ ಸಂದು ತುಂಬಿ ಮುಗಿಯಿತು.
ಬಿಳೀ ನೆಲ. ದೀಪ ಹಾಕಿದರೆ ಮುಖ ಕಾಣುತ್ತಿತ್ತು.
ಹಣ ಎಣಿಸಿ ಕೊಟ್ಟರು, ಮೇಲೊಂದು ಇಪ್ಪತ್ತರ ನೋಟು,
ಮತ್ತೆ ನನ್ನ ಕೆನ್ನೆ ನೋಡಿ,
"ಎಡಗಡೆ ಅಗಿಯೋದೇ ಇಲ್ಲ ನೀವು. ಬನ್ನಿ ಒಮ್ಮೆ."

ಹೋದದ್ದು ಏಪ್ರಿಲಿನಲ್ಲಿ, ನೋವು ನಿದ್ದೆ ಕಸಿದ ಮೇಲೆ.
ಇಸ್ತಾಂಬುಲಿನ ಕುರ್ಚಿಯಲ್ಲಿ ಅಂಗಾತ ಮಲಗಿದ್ದೆ,
ಬಾಯಲ್ಲಿ ಹತ್ತಿ, ಕಣ್ಣಿಗೆ ಬೆಳಕು.
ಬಾಗಿಲಿನಿಂದ ಅವರು ಬಂದರು:
ಟಕ್. ಟಕ್.
ಡೊಬ್.
ಟಕ್.

ಇಬ್ಬರಿಗೂ ಕೇಳಿಸಿತು.
ನಾನು ಮಾತಾಡುವಂತಿರಲಿಲ್ಲ, ಅವರು ಆಡಲಿಲ್ಲ.
ಸಲಾಕೆಯ ಹಿಂತುದಿಯಿಂದ
ದವಡೆ ಹಲ್ಲು ಒಂದೊಂದೇ ತಟ್ಟುತ್ತ ಹೋದರು,
ನಾನು ನೆಲ ತಟ್ಟುವ ಹಾಗೆಯೇ, ಕಿವಿ ಓರೆ ಮಾಡಿ.
"ಇದಾ? ಇದಾ?"
ಕೊನೆಯದರ ಹಿಂದಿನದಕ್ಕೆ ಕುರ್ಚಿಯಿಂದ ಹಾರಿಬಿದ್ದೆ.

"ಮೇಲೆ ಚೆನ್ನಾಗೇ ಇದೆ. ಬೇರಲ್ಲಿ ಕೀವು.
ಮೊದಲು ಅದು ಆರಬೇಕು, ಟೋಪಿ ಆಮೇಲೆ.
ಮೂರು ವಾರ."

ಮೂರು ವಾರ! ಸೋಮವಾರ ಕುತಾಯಿಸಿಯಲ್ಲಿ ಕೆಲಸ ಹಿಡಿದಿದ್ದೇನೆ,
ಇವತ್ತೇ ಮುಚ್ಚಿಬಿಡಿ ಡಾಕ್ಟರೇ, ಎನ್ನಲು ಹೊರಟೆ.
ಬಾಯಲ್ಲಿ ಹತ್ತಿಯಿತ್ತು,
ಪುಣ್ಯಕ್ಕೆ.